ಮಾಸು ಬಿತ್ತೇನ್ರಿ?

ಪುಣೆಯ ಆಸ್ಪತ್ರೆಯೊಂದರ ಹೆರಿಗೆ ಕೋಣೆಯ ಹೊರಗೆ ನಮ್ಮವ್ವ ಕೂತಿದ್ದಳು. ಬೈಲಹೊಂಗಲ ತಾಲೂಕಿನ ನಮ್ಮ ಹಳ್ಳಿಯಿಂದ ಬಾಣಂತನಕ್ಕೆಂದು ಬಂದು ಆಗಲೇ ಹದಿನೈದು ದಿನವಾಗಿತ್ತು. ನರ್ಸ್ ಬಾಗಿಲು ತೆರೆದು "ಮುಲಗೀ ಝಾಲೀ" ಎಂದಳಂತೆ. ಹೆಣ್ಣು ಮಗು ಎಂದು ಕೇಳಿ ನನ್ನ ಗಂಡನ ಕಣ್ಣಲ್ಲಿ ನೀರು. ಅವ್ವ ಮಾತ್ರ ಎದ್ದು ನಿಂತು ಕೇಳಿದ್ದು ಒಂದೇ ಮಾತು: "ಮಾಸು ಬಿತ್ತೇನ್ರಿ?"

ಮರಾಠಿಯಲ್ಲಿ 'ಮಾಸಾ' ಎಂದರೆ ಮೀನು. ಈ ಅಜ್ಜಿ ಬಾಣಂತಿಗೆ ಮೀನು ಕೊಡಬಹುದೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡ ನರ್ಸ್, ಇವತ್ತೇ ಬೇಡ ಆಜಿ, ನಾಳೆ ಡಾಕ್ಟರನ್ನು ಕೇಳಿ ಎಂದಳು. ನನ್ನ ಗಂಡ ಕೈಸನ್ನೆ ಮಾಡಿ ಬಿಡಿಸಿ ಹೇಳಿದ ಮೇಲೆ ಅವಳು ನಗುತ್ತ "ಹೋ, ಹೋ, ವಾರ ಪಡಲೀ" ಎಂದಳು. ಮರಾಠಿಯ 'ವಾರ' ನಮ್ಮ ಮಾಸು. ಅವ್ವನಿಗೆ ಕೇಳಿಸಿದ್ದು ಕನ್ನಡದ ವಾರ. "ಇನ್ನೂ ಒಂದು ವಾರ ಬೇಕಂತೇನೋ?" ಎಂದು ಗಾಬರಿಯಿಂದ ಅಳಿಯನ ಮುಖ ನೋಡಿದಳಂತೆ.

ಈ ಕಥೆಯನ್ನು ನಾವು ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದೇವೆ. ಆದರೆ ಮಗುವಿನ ಮುಖ ನೋಡುವ ಮೊದಲೇ ಅವ್ವ ಆ ಪ್ರಶ್ನೆ ಕೇಳಿದ್ದಕ್ಕೆ ಕಾರಣವಿತ್ತು. ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಮಾಸು ಬೀಳದೆ ತೀರಿಕೊಂಡಳು. ಕೂಸು ಸಲೀಸಾಗಿ ಹುಟ್ಟಿತ್ತು. ಆಮೇಲೆ ರಕ್ತ ಹರಿಯತೊಡಗಿತು. "ಕೆಟ್ಟ ರಕ್ತ, ಹೋಗಲಿ ಬಿಡ್ರಿ" ಎಂದು ಹಿರಿಯರು ಸಮಾಧಾನ ಹೇಳಿದರು. ಚಕ್ಕಡಿ ಹೂಡುವ ಹೊತ್ತಿಗೆ ದೊಡ್ಡವ್ವನ ಕೈಕಾಲು ತಣ್ಣಗಾಗಿದ್ದವು. ಆಗ ಹನ್ನೆರಡು ವರ್ಷದವಳಾಗಿದ್ದ ಅವ್ವನನ್ನು ಮರುದಿನ ಹಳ್ಳಕ್ಕೆ ಅರಿವೆ ಒಗೆಯಲು ಕಳಿಸಿದರು. "ನಾಕು ಸೀರಿ, ಎರಡು ಕೌದಿ. ಪೂರಾ ತೊಯ್ದಿದ್ವು" ಎಂದು ಅವಳು ಈಗಲೂ ಲೆಕ್ಕ ಹೇಳುತ್ತಾಳೆ.

ಇದೆಲ್ಲ ನನಗೆ ಗೊತ್ತಿದ್ದೂ ಗೊತ್ತಿರಲಿಲ್ಲ. ಬಸುರಿಯಾಗಿದ್ದಾಗ ನಮ್ಮ ಸೊಸೈಟಿಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಬೇರೆಯದೇ ಚರ್ಚೆ ನಡೆದಿತ್ತು. ಹೆರಿಗೆ ಎನ್ನುವುದು ರೋಗವಲ್ಲ, ದೇಹಕ್ಕೆ ತನ್ನ ಕೆಲಸ ಗೊತ್ತಿದೆ, ಮಗು ಹುಟ್ಟಿದೊಡನೆ ಇಂಜೆಕ್ಷನ್ ಚುಚ್ಚಿ, ಬಳ್ಳಿ ಕತ್ತರಿಸಿ, ಮಾಸನ್ನು ಎಳೆದು ತೆಗೆಯುವುದು ಆಸ್ಪತ್ರೆಗಳ ಅವಸರ, ಅದು ತಾನಾಗಿ ಬೀಳುವವರೆಗೆ ಕಾಯುವುದೇ ಸಹಜ ಎಂದು ಒಬ್ಬಳು ಬರೆದಿದ್ದಳು. ನನಗೂ ಅರ್ಧ ಸರಿಯೆನಿಸಿತ್ತು. ಅವ್ವನಿಗೆ ಖುಷಿಯಾದೀತು ಎಂದುಕೊಂಡು ಫೋನಿನಲ್ಲಿ ಹೇಳಿದೆ: "ಔಷಧ ಗಿವುಷಧ ಬ್ಯಾಡಂತೀನಿ ಅವ್ವಾ, ನಿಮ್ಮ ಕಾಲದಂಗ." ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಮ್ಮ ಕಾಲದಾಗ ಆ ಇಂಜೆಕ್ಷನ್ ಇದ್ದಿದ್ರ ನಿನಗೊಬ್ಬಾಕಿ ದೊಡ್ಡವ್ವ ಇರ್ತಿದ್ಲು."

ಆ ಮಾತು ಕೇಳಿದ ಮೇಲೆ ನಾನು ಓದಲು ಕೂತೆ. ಓದುತ್ತ ಹೋದಂತೆ ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಲಂಡನ್ನಿನಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ, ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಂದು ತಿಳಿದು ಬೆರಗಾದೆ.

ಮೊದಲು ಮಾಸು ಹೇಗೆ ಬೀಳುತ್ತದೆ ಎಂದು ನೋಡೋಣ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹೊರಬಂದ ಮೇಲೆ ಗರ್ಭಕೋಶ ಕುಗ್ಗುತ್ತದೆ. ಅದು ಕುಗ್ಗಿದಾಗ ಮಾಸು ಅಂಟಿಕೊಂಡಿದ್ದ ಜಾಗವೂ ಕಿರಿದಾಗಿ ಮಾಸು ಕಳಚಿಕೊಳ್ಳುತ್ತದೆ. ಕಳಚಿಕೊಂಡ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದಿರುತ್ತವೆ. ಗರ್ಭಕೋಶದ ಸ್ನಾಯುವಿನ ಎಳೆಗಳು ಆ ನಾಳಗಳ ಸುತ್ತ ಅಡ್ಡಡ್ಡ ಹೆಣೆದುಕೊಂಡಿರುವುದರಿಂದ ಸ್ನಾಯು ಬಿಗಿಯಾದರೆ ನಾಳಗಳಿಗೆ ಗಂಟು ಬಿಗಿದಂತಾಗಿ ರಕ್ತ ನಿಲ್ಲುತ್ತದೆ. ಸ್ನಾಯು ಸಡಿಲವಾಗಿಯೇ ಉಳಿದರೆ ಅಥವಾ ಮಾಸಿನ ಚೂರು ಒಳಗೇ ಉಳಿದುಕೊಂಡರೆ ನಲ್ಲಿ ತೆರೆದಿಟ್ಟಂತೆ. ಹೆಚ್ಚಿನ ಹೆಂಗಸರಲ್ಲಿ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಯಾರಲ್ಲಿ ಹೋಗುವುದಿಲ್ಲ ಎಂದು ಮುಂಚೆಯೇ ಹೇಳುವುದು ಕಷ್ಟ. ದೊಡ್ಡವ್ವನಿಗೆ ಅದು ಮೂರನೆಯ ಹೆರಿಗೆ, ಮೊದಲೆರಡೂ ಸಲೀಸಾಗಿದ್ದವು.

ಹಿಂದಿನವರು ಸುಮ್ಮನೆ ಕಾಯುತ್ತಿದ್ದರು ಎಂದು ನಾನು ನಂಬಿದ್ದೆ. ಅದು ತಪ್ಪು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಮಾಸು ಬೀಳದಿದ್ದರೆ ಏನು ಮಾಡಬೇಕೆಂದು ವಿವರವಾಗಿಯೇ ಇದೆ. ಒಬ್ಬ ಹೆಂಗಸು ಬಲಗೈಯಿಂದ ಬಾಣಂತಿಯ ಹೊಕ್ಕುಳ ಮೇಲೆ ಬಲವಾಗಿ ಒತ್ತಿ, ಎಡಗೈಯನ್ನು ಬೆನ್ನಿಗೆ ಕೊಟ್ಟು ಅಲ್ಲಾಡಿಸಬೇಕು. ಹಿಮ್ಮಡಿಯಿಂದ ಸೊಂಟವನ್ನು ಒತ್ತಬೇಕು. ಜಡೆಯ ತುದಿಯನ್ನು ಗಂಟಲಿಗೆ ತಾಗಿಸಿ ಓಕರಿಕೆ ಬರಿಸಬೇಕು. ಭೂರ್ಜದ ತೊಗಟೆ, ಹಾವಿನ ಪೊರೆ ಹಾಕಿ ಹೊಗೆ ಕೊಡಬೇಕು. ಜಡೆಯನ್ನು ಬಾಯಿಗೆ ತುರುಕುವ ಪದ್ಧತಿ ಅವ್ವನಿಗೂ ಗೊತ್ತು. ದೊಡ್ಡವ್ವನಿಗೂ ಅದನ್ನೇ ಮಾಡಿದ್ದರು. ಓಕರಿಸಿದಾಗ ಹೊಟ್ಟೆ ಬಿಗಿದು ಕಳಚಿಕೊಂಡ ಮಾಸು ಹೊರಬೀಳಬಹುದು. ಆದರೆ ಸಡಿಲವಾದ ಗರ್ಭಕೋಶವನ್ನು ಬಿಗಿ ಮಾಡುವ ಶಕ್ತಿ ಅದಕ್ಕಿಲ್ಲ.

ಸೂಲಗಿತ್ತಿಯರನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಒಂದು ಪೈಸೆಯನ್ನೂ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯ ದಾರಿಯೇ ಇಲ್ಲದ ಊರುಗಳಲ್ಲಿ ಇಂಥವರ ಕೈಗುಣವೇ ಎಲ್ಲ. ಮಾಸು ಬೀಳುವವರೆಗೂ ಹೊಕ್ಕುಳಬಳ್ಳಿ ಕೊಯ್ಯಬಾರದು ಎನ್ನುವುದು ನಮ್ಮೂರ ಸೂಲಗಿತ್ತಿಯರ ನಿಯಮವಾಗಿತ್ತು. ಅದನ್ನು ಮೂಢನಂಬಿಕೆ ಎಂದು ನಕ್ಕವರು ಆಮೇಲೆ ಮಾತು ಬದಲಿಸಬೇಕಾಯಿತು. ಅದಕ್ಕೆ ಮುಂದೆ ಬರುತ್ತೇನೆ.

ನಾನಿರುವ ಈ ಪುಣೆಗೂ ಹೆರಿಗೆಯ ಚರಿತ್ರೆಗೂ ಹಳೆಯ ನಂಟಿದೆ. ಆನಂದಿಬಾಯಿ ಜೋಶಿ 14ನೆಯ ವಯಸ್ಸಿನಲ್ಲಿ ಗಂಡು ಮಗುವನ್ನು ಹೆತ್ತರು. ಆ ಮಗು ಬದುಕಿದ್ದು ಹತ್ತೇ ದಿನ. ಆ ಸಾವೇ ಅವರನ್ನು ಅಮೆರಿಕೆಯ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಒಯ್ದಿತು. 1886ರಲ್ಲಿ ಪದವಿಗಾಗಿ ಅವರು ಬರೆದ ಪ್ರಬಂಧದ ವಿಷಯ, ಆರ್ಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ. ಡಾಕ್ಟರಾಗಿ ಮರಳಿದವರು ಒಬ್ಬ ರೋಗಿಯನ್ನೂ ಇಲ್ಲಿ ನೋಡುವ ಮೊದಲೇ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು. ಆಗಿನ್ನೂ ಅವರಿಗೆ 22 ತುಂಬಿರಲಿಲ್ಲ. ಅವರು ಬದುಕಿದ್ದು ಕೆಲಸ ಮಾಡಿದ್ದರೂ ಹೆರಿಗೆಯ ನಂತರ ಹರಿಯುವ ರಕ್ತದ ಎದುರು ಅವರ ಬಳಿ ಇರುತ್ತಿದ್ದ ನಂಬಿಕೆಯ ಔಷಧ ಹೆಚ್ಚೇನೂ ಅಲ್ಲ, ಎರ್ಗಟ್ ಎಂಬ ಒಂದು ಪುಡಿ.

ಎರ್ಗಟ್ ಎಂದರೆ ರೈ ಎಂಬ ಧಾನ್ಯದ ತೆನೆಗೆ ಹತ್ತುವ ಕಪ್ಪು ಬೂಷ್ಟು. ಯುರೋಪಿನ ಸೂಲಗಿತ್ತಿಯರು ಬಳಸುತ್ತಿದ್ದ ಇದನ್ನು 1808ರಲ್ಲಿ ನ್ಯೂಯಾರ್ಕ್ ಸೀಮೆಯ ಜಾನ್ ಸ್ಟರ್ನ್ಸ್ ಎಂಬ ವೈದ್ಯ ಹೆರಿಗೆ ಬೇಗ ಮಾಡಿಸುವ ಪುಡಿ ಎಂದು ಹೊಗಳಿ ಬರೆದ. ಮಗು ಹುಟ್ಟುವ ಮೊದಲು ಕೊಟ್ಟಾಗ ಗರ್ಭಕೋಶ ಸಡಿಲುವುದೇ ಇಲ್ಲದೆ ಬಿಗಿದು, ಮಕ್ಕಳು ಸತ್ತು ಹುಟ್ಟತೊಡಗಿದವು. ಕೆಲವೇ ವರ್ಷಗಳಲ್ಲಿ ವೈದ್ಯರು ಎಚ್ಚೆತ್ತು, ಇದನ್ನು ಕೊಡುವುದಿದ್ದರೆ ಮಗು ಹುಟ್ಟಿದ ಮೇಲೆ, ರಕ್ತ ನಿಲ್ಲಿಸಲು ಮಾತ್ರ ಎಂದರು. 1935ರಲ್ಲಿ ಚಾಸರ್ ಮೋಯರ್ ಮತ್ತು ಹೆರಾಲ್ಡ್ ಡಡ್ಲಿ ಅದರ ಸತ್ವವನ್ನು ಬೇರ್ಪಡಿಸಿ ಎರ್ಗೊಮೆಟ್ರಿನ್ ಎಂದು ಹೆಸರಿಟ್ಟರು. ಇನ್ನೊಂದು ದಾರಿಯಲ್ಲಿ, ತಾಯಿಯ ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿಯ ರಸ ಗರ್ಭಕೋಶವನ್ನು ಕುಗ್ಗಿಸುತ್ತದೆ ಎಂದು ಹೆನ್ರಿ ಡೇಲ್ 1906ರಲ್ಲೇ ಕಂಡಿದ್ದ. ಆ ರಸದಲ್ಲಿದ್ದ ಆಕ್ಸಿಟೋಸಿನ್ನನ್ನು ವಿನ್ಸೆಂಟ್ ದು ವಿನ್ಯೋ 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ. 1955ರ ರಸಾಯನಶಾಸ್ತ್ರದ ನೊಬೆಲ್ ಅವನಿಗೆ ಸಂದಿತು. ಇಂಜೆಕ್ಷನ್ನಿನಲ್ಲಿರುವುದು ತಾಯಿಯ ಮೈಯಲ್ಲೇ ಹುಟ್ಟುವ, ಮಗು ಮೊಲೆ ಚೀಪಿದಾಗ ಉಕ್ಕುವ ವಸ್ತುವೇ ಎಂದು ತಿಳಿದಾಗ 'ಸಹಜ', 'ಕೃತಕ' ಎಂದು ನಾನು ಎಳೆದುಕೊಂಡಿದ್ದ ಗೆರೆ ಸ್ವಲ್ಪ ಅಳಿಸಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಸ್ಪತ್ರೆಗಳು ಮೂರು ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದವು: ಮಗು ಹುಟ್ಟುತ್ತಿದ್ದಂತೆ ಇಂಜೆಕ್ಷನ್, ಕೂಡಲೇ ಬಳ್ಳಿಗೆ ಚಿಮಟಿ ಹಾಕಿ ಕೊಯ್ಯುವುದು, ಆಮೇಲೆ ಹೊಟ್ಟೆಗೆ ಒಂದು ಕೈ ಆಸರೆ ಕೊಟ್ಟು ಬಳ್ಳಿಯನ್ನು ಹದವಾಗಿ ಎಳೆದು ಮಾಸು ತೆಗೆಯುವುದು. ಇದು ಬೇಕೇ, ಕಾಯುವುದೇ ಮೇಲೇ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಸೂಲಗಿತ್ತಿಯರೂ ಕೇಳಿದರು, ವೈದ್ಯರೂ ಕೇಳಿದರು. 1988ರಲ್ಲಿ ಬ್ರಿಸ್ಟಲ್‌ನಲ್ಲಿ ಸುಮಾರು 1700 ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರು ಈ ಗಂಟಿನ ಪದ್ಧತಿಯಲ್ಲಿ ನೂರಕ್ಕೆ 5.9, ಕಾಯುವ ಪದ್ಧತಿಯಲ್ಲಿ 17.9. ಆ ಸಿಬ್ಬಂದಿಗೆ ಕಾಯುವುದು ರೂಢಿಯಿರಲಿಲ್ಲ, ಅದಕ್ಕೇ ಹೀಗಾಯಿತು ಎಂಬ ಆಕ್ಷೇಪ ಬಂತು. ಹಾಗಾಗಿ ಎರಡೂ ಬಲ್ಲ ಸೂಲಗಿತ್ತಿಯರಿದ್ದ ಹಿಂಚಿಂಗ್‌ಬ್ರೂಕ್ ಆಸ್ಪತ್ರೆಯಲ್ಲಿ ಮತ್ತೆ ನೋಡಿದರು. 1998ರಲ್ಲಿ ಬಂದ ಉತ್ತರ 6.8 ಮತ್ತು 16.5. ಹೆಚ್ಚೂಕಡಿಮೆ ಅದೇ.

ಆದರೆ ಬ್ರಿಸ್ಟಲ್‌ನಲ್ಲಿ ಫ್ರಿಜ್ ಇತ್ತು. ಆಕ್ಸಿಟೋಸಿನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲ ಕೈ ಬೇಕು, ಶುದ್ಧ ಸಿರಿಂಜು ಬೇಕು. ನಮ್ಮ ಕಡೆಯ ಬೇಸಿಗೆ, ಹೋಗಿ ಬರುವ ಕರೆಂಟು, ಮಣ್ಣಿನ ಮನೆಯ ಮೂಲೆಯಲ್ಲಿ ಹೆರುವ ಹೆಂಗಸು, ಇವರಿಗೆ ಆ ಉತ್ತರದಿಂದ ಏನಾಗಬೇಕು? 2005-06ರಲ್ಲೂ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಆಸ್ಪತ್ರೆಯ ಹೊರಗೇ ಆಗುತ್ತಿದ್ದವು.

ಇಲ್ಲಿಯೇ ಬೆಳಗಾವಿ ಬರುತ್ತದೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕೆಯ ಡಾ. ರಿಚರ್ಡ್ ಡರ್ಮನ್ ಮೊದಲಾದವರು 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಅಧ್ಯಯನ ನಡೆಸಿದರು. ಅವರು ಆರಿಸಿಕೊಂಡದ್ದು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ. ಮೂಲತಃ ಹೊಟ್ಟೆಹುಣ್ಣಿಗೆಂದು ಬಂದದ್ದು, ಆದರೆ ಗರ್ಭಕೋಶವನ್ನೂ ಕುಗ್ಗಿಸುತ್ತದೆ. ಬೆಲೆ ಕಡಿಮೆ, ಫ್ರಿಜ್ ಬೇಡ, ಸೂಜಿ ಬೇಡ. ಹೆರಿಗೆ ಮಾಡಿಸಿದ್ದು ತಜ್ಞ ವೈದ್ಯರಲ್ಲ, 25 ಮಂದಿ ಎಎನ್‌ಎಂಗಳು, ನಾವು ಊರಲ್ಲಿ 'ನರ್ಸಮ್ಮ' ಎಂದು ಕರೆಯುವವರು. ಒಟ್ಟು 1620 ಹೆಂಗಸರಲ್ಲಿ 812 ಮಂದಿಗೆ ಮಗು ಹುಟ್ಟಿದ ಮೇಲೆ ಈ ಮಾತ್ರೆ, 808 ಮಂದಿಗೆ ನೋಡಲು ಹಾಗೆಯೇ ಇರುವ ಔಷಧವಿಲ್ಲದ ಮಾತ್ರೆ.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಹೋದವರ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಒಂದು ಲೀಟರ್ ದಾಟಿದವರು 1.2ರಿಂದ 0.2ಕ್ಕೆ. ಮಾತ್ರೆ ನುಂಗಿದವರಲ್ಲಿ ಚಳಿ ನಡುಕ, ಜ್ವರ ಸ್ವಲ್ಪ ಹೆಚ್ಚು ಕಂಡಿತು, ತಾನಾಗಿ ಇಳಿಯಿತು. ಲೆಕ್ಕ ಹಾಕಿದರೆ ಹದಿನೆಂಟು ಹೆಂಗಸರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಈ ಬಳಕೆಗೆ ಮಿಸೊಪ್ರೊಸ್ಟಾಲನ್ನು ಸೇರಿಸಿತು. ಈ ಅಂಕಿಗಳನ್ನು ಓದುವಾಗ ಔಷಧವಿಲ್ಲದ ಮಾತ್ರೆ ನುಂಗಿದ ಆ 808 ಹೆಂಗಸರು ನನ್ನನ್ನು ಕಾಡದೆ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಆ ಹಳ್ಳಿಗಳಲ್ಲಿ ಮೊದಲಿಂದ ಇದ್ದ ಆರೈಕೆಯೇ, ನಿಜ. ಆದರೂ ಇವತ್ತು ಲೋಕದ ಬಾಣಂತಿಯರಿಗೆ ಸಿಕ್ಕ ಭರವಸೆಯಲ್ಲಿ ಹೆಸರಿಲ್ಲದ ಆ ನಮ್ಮೂರ ಹೆಂಗಸರ ಋಣವಿದೆ.

ನನಗೆ ಇನ್ನೂ ದೊಡ್ಡದೆನಿಸಿದ್ದು ಆ ಅಧ್ಯಯನದ ಇನ್ನೊಂದು ಸಾಧನ. ರಕ್ತ ಎಷ್ಟು ಹೋಯಿತು ಎಂದು ತಿಳಿಯುವುದು ಹೇಗೆ? ಮಣ್ಣಿನ ನೆಲ ಕುಡಿಯುತ್ತದೆ, ಕೌದಿ ಕುಡಿಯುತ್ತದೆ. ಅದಕ್ಕಾಗಿ ಅವರು ಬಾಣಂತಿಯ ಸೊಂಟದ ಕೆಳಗೆ ಹಾಸಿ ಕಟ್ಟುವ ಒಂದು ಪ್ಲಾಸ್ಟಿಕ್ ಹಾಸನ್ನು ಮಾಡಿದರು. ಅದರ ತುದಿಯಲ್ಲಿ ಲಾಳಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಮಾಡಿದವರ ಹೆಸರಿನ ಮೊದಲಕ್ಷರ ಜೋಡಿಸಿ ಅದಕ್ಕೆ ಬ್ರಾಸ್-ವಿ ಎಂದು ಹೆಸರಾಯಿತು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಇದೇ ಹಾಸಿನ ಅಳತೆಯನ್ನೂ ಕಣ್ಣಂದಾಜನ್ನೂ ಹೋಲಿಸಿದಾಗ, ಕಣ್ಣಂದಾಜು ಸುಮಾರು ಮೂರನೆಯ ಒಂದು ಪಾಲು ಕಡಿಮೆ ಹೇಳುತ್ತಿತ್ತು. ಕಲಿತವರ ಕಣ್ಣೇ ಹೀಗಾದರೆ "ಕೆಟ್ಟ ರಕ್ತ, ಹೋಗಲಿ ಬಿಡ್ರಿ" ಎಂದವರನ್ನು ನಾನು ಹೇಗೆ ದೂರಲಿ? ಅಂಥದೇ ಅಳತೆಯ ಹಾಸು ಮುಂದೆ ಆಫ್ರಿಕಾ ತಲುಪಿತು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಅದನ್ನು ಹಾಸಿ, ಗೆರೆ ದಾಟಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡುವ ಪದ್ಧತಿಯಿಂದ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ನೂರಕ್ಕೆ 4.3ರಿಂದ 1.6ಕ್ಕೆ ಇಳಿದವು ಎಂದು 2023ರಲ್ಲಿ ಪ್ರಕಟವಾಯಿತು.

ಈ ನಡುವೆ ಆಸ್ಪತ್ರೆಯ ಆ ಮೂರು ಕೆಲಸಗಳ ಗಂಟನ್ನೂ ಬಿಚ್ಚಿ ನೋಡಿದರು. 2012ರಲ್ಲಿ ಪ್ರಕಟವಾದ, 24 ಸಾವಿರಕ್ಕೂ ಹೆಚ್ಚು ಹೆಂಗಸರ ಅಧ್ಯಯನವೊಂದು ಬಳ್ಳಿ ಎಳೆಯುವುದರಿಂದ ತೀವ್ರ ರಕ್ತಸ್ರಾವದಲ್ಲಿ ಹೆಚ್ಚೇನೂ ವ್ಯತ್ಯಾಸವಾಗದು ಎಂದಿತು. ಕೂಡಲೇ ಬಳ್ಳಿ ಕೊಯ್ಯುವುದಂತೂ ತಪ್ಪೇ ಆಗಿತ್ತು. ಬಳ್ಳಿ ಮಿಡಿಯುತ್ತಿರುವಾಗ ಮಾಸಿನಲ್ಲಿರುವ ರಕ್ತ ಮಗುವಿಗೆ ಸೇರುತ್ತದೆ, ಅದರಿಂದ ಮಗುವಿಗೆ ಕಬ್ಬಿಣಾಂಶ ಸಿಗುತ್ತದೆ. ಹಾಗಾಗಿ ಕಡೇಪಕ್ಷ ಒಂದು ನಿಮಿಷವಾದರೂ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತದೆ. ಇದರಲ್ಲಿ ನಮ್ಮೂರ ಸೂಲಗಿತ್ತಿ ಗೆದ್ದಳು. ಮೂರರಲ್ಲಿ ಗಟ್ಟಿಯಾಗಿ ಉಳಿದದ್ದು ಗರ್ಭಕೋಶ ಕುಗ್ಗಿಸುವ ಔಷಧ ಒಂದೇ. ನನ್ನ ಗೆಳತಿ ಬರೆದದ್ದರಲ್ಲಿ ಬಳ್ಳಿಯ ಮಾತು ಸರಿಯಿತ್ತು. ಅವ್ವ ಹೇಳಿದ್ದರಲ್ಲಿ ಇಂಜೆಕ್ಷನ್ನಿನ ಮಾತು ಸರಿಯಿತ್ತು. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೊಂಡು ಒಂದನ್ನೇ ಆರಿಸಬೇಕು ಎಂದುಕೊಂಡದ್ದು ನನ್ನ ತಪ್ಪು.

ಔಷಧ ಇದೆ ಎಂದ ಮಾತ್ರಕ್ಕೆ ಸಿಗುತ್ತದೆ ಎಂದೇನೂ ಇಲ್ಲ. 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ, ಹಾಲು ಹಿಂಡಲು ಎಮ್ಮೆ-ಆಕಳಿಗೆ ಆಕ್ಸಿಟೋಸಿನ್ ಚುಚ್ಚುತ್ತಾರೆ ಎಂಬ ಕಾರಣಕ್ಕೆ, ಖಾಸಗಿ ಕಂಪನಿಗಳು ದೇಶದೊಳಗಿನ ಮಾರಾಟಕ್ಕೆ ಅದನ್ನು ತಯಾರಿಸಬಾರದು ಎಂದು ಆದೇಶ ಹೊರಡಿಸಿತು. ಇಡೀ ದೇಶದ ಬಾಣಂತಿಯರಿಗೆ ಬೇಕಾದ ಔಷಧವನ್ನು ಬೆಂಗಳೂರಿನ ಸರಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ಪೂರೈಸಬೇಕಾಗಿತ್ತು. ಔಷಧ ಕಂಪನಿಗಳೂ ಅಖಿಲ ಭಾರತ ಡ್ರಗ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಜನಪರ ಸಂಘಟನೆಯೂ ದಿಲ್ಲಿ ಹೈಕೋರ್ಟಿಗೆ ಹೋದವು. ಡಿಸೆಂಬರ್ 14ರಂದು ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಬಾಣಂತಿಯ ಪ್ರಾಣ ಉಳಿಸುವ ಔಷಧವೊಂದು ಹೀಗೆ ಕೊಟ್ಟಿಗೆಯ ಜಗಳದಲ್ಲಿ ಸಿಕ್ಕಿಬಿದ್ದಿತ್ತು.

ಕರ್ನಾಟಕದಲ್ಲಿ ಪ್ರತಿ ಲಕ್ಷ ಸಜೀವ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿಯಿತು. ಮಹಾರಾಷ್ಟ್ರದಲ್ಲಿ 149ರಿಂದ 33ಕ್ಕೆ. ರಸ್ತೆ, ಆಂಬುಲೆನ್ಸ್, ಆಸ್ಪತ್ರೆಯ ಹೆರಿಗೆ, ರಕ್ತನಿಧಿ ಎಲ್ಲ ಸೇರಿ ಆದ ಇಳಿಕೆ ಇದು. ಆದರೂ 2018-20ರಲ್ಲಿ ನಮ್ಮದು ಮಹಾರಾಷ್ಟ್ರದ ಎರಡು ಪಟ್ಟು ಇತ್ತು. ಲೋಕಕ್ಕೆ ದಾರಿ ತೋರಿದ ಬೆಳಗಾವಿ ಇರುವ ರಾಜ್ಯದ ಅಂಕಿ ಇದು ಎನ್ನುವುದನ್ನು ಮರೆಯಲಾಗದು.

ನನ್ನ ಹೆರಿಗೆಯ ದಿನ ಡಾಕ್ಟರಿಗೆ ಎರಡೇ ಮಾತು ಕೇಳಿಕೊಂಡಿದ್ದೆ. ಬಳ್ಳಿ ಮಿಡಿಯುವುದು ನಿಲ್ಲುವವರೆಗೆ ಕೊಯ್ಯಬೇಡಿ, ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ. ಅವರು "ನಾವೂ ಅದನ್ನೇ ಮಾಡುವುದು" ಎಂದು ನಕ್ಕರು. ಮಗಳು ನನ್ನ ಎದೆಯ ಮೇಲಿದ್ದಳು, ತೊಡೆಗೆ ಸೂಜಿ ಚುಚ್ಚಿದ್ದೂ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಾಸು ಬಿತ್ತು.

ಸಂಜೆ ವಾರ್ಡಿಗೆ ಬಂದ ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದೇ ನರ್ಸನ್ನು ತಡೆದು ನಿಲ್ಲಿಸಿ, ಅಳಿಯನಿಂದ ಮರಾಠಿಯಲ್ಲಿ ಕೇಳಿಸಿದಳು: ರಕ್ತ ಎಷ್ಟು ಹೋಯಿತು? ನರ್ಸ್ ಚೀಟಿ ನೋಡಿ "ಅಡೀಚ್‌ಶೇ" ಎಂದಳು. ಇನ್ನೂರೈವತ್ತು ಮಿಲಿಲೀಟರ್. ಅವ್ವ ಪಕ್ಕದಲ್ಲಿದ್ದ ಸ್ಟೀಲಿನ ಲೋಟ ಎತ್ತಿ ಇಷ್ಟೇನು ಎಂದು ತೋರಿಸಿದಳು. ನರ್ಸ್ ಹೌದೆಂದು ತಲೆಯಾಡಿಸಿದಳು. ಅವ್ವ ಆ ಲೋಟವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ನೋಡುತ್ತ ಕೂತಿದ್ದಳು. ಆಮೇಲೆ ಕೂಸಿನ ಕಡೆ ಬಾಗಿ, ಯಾರನ್ನು ಹೋಲ್ತಾಳ ನೋಡೂಣು ಎಂದಳು.